ಕಲಮಜೂ ಹುಡುಗರು ಮತ್ತು ತೆರೆದ ಬಾಗಿಲು

2025ರ ಏಪ್ರಿಲ್ 12ರ ರಾತ್ರಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ಹುಡುಗರು ಹೆಲ್ಮೆಟ್, ಕೈಗವಸುಗಳನ್ನು ಮೇಲಕ್ಕೆ ತೂರಿ ಮಂಜಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಬಾಸ್ಟನ್ ವಿಶ್ವವಿದ್ಯಾಲಯದ ಎದುರು 6-2ರ ಗೆಲುವು ಅದು. ಕಾಲೇಜು ಪುರುಷರ ಐಸ್ ಹಾಕಿಯಲ್ಲಿ ವೆಸ್ಟರ್ನ್‌ಗೆ ಸಿಕ್ಕ ಮೊದಲ ರಾಷ್ಟ್ರೀಯ ಪ್ರಶಸ್ತಿ. ಅರ್ಧ ಶತಮಾನದಿಂದ ತಂಡ ಕಟ್ಟಿಕೊಂಡು ಆಡುತ್ತಿದ್ದರೂ 2022ರವರೆಗೆ ಈ ಕಾಲೇಜು ರಾಷ್ಟ್ರೀಯ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಪ್ರಶಸ್ತಿ ಗೆದ್ದ ಋತುವಿನಲ್ಲಿ ಅವರ ಲೆಕ್ಕ 34 ಗೆಲುವು, 7 ಸೋಲು, 1 ಡ್ರಾ.

ಆ ಗೆಲುವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಇನ್ನೊಂದು ದಿನಾಂಕದ ಕಡೆ ಹೋಗುತ್ತದೆ. 2024ರ ನವೆಂಬರ್ 7. ಋತು ಶುರುವಾಗಿ ತಿಂಗಳು ಕಳೆದಿತ್ತು ಅಷ್ಟೆ. ಅಂದು ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ, ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದ ಹುಡುಗರಿಗೆ ದಶಕಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆಯಲು ಮತ ಹಾಕಿತು. ಜಾರಿಯ ದಿನ 2025ರ ಆಗಸ್ಟ್ 1. ಹೀಗಾಗಿ ವೆಸ್ಟರ್ನ್ ಗೆದ್ದದ್ದು ಹಳೆಯ ನಿಯಮದ ಕಟ್ಟಕಡೆಯ ಋತು. ಅಂಥ ತಂಡ ಇನ್ನು ಮುಂದೆ ಹುಟ್ಟೀತೇ? ಬಾಗಿಲು ತೆರೆದದ್ದು ನ್ಯಾಯವೋ ಅನ್ಯಾಯವೋ? ಈ ಎರಡು ಪ್ರಶ್ನೆಗಳ ಮೇಲೆ ಇಲ್ಲಿ ಮಿಷಿಗನ್‌ನ ಐಸ್ ರಿಂಕ್‌ಗಳಲ್ಲಿ ಕಾಫಿ ಕಪ್ ಹಿಡಿದು ನಿಂತ ಅಪ್ಪ ಅಮ್ಮಂದಿರು ಎರಡು ಬಣವಾಗಿ ವಾದಿಸುವುದನ್ನು ಕೇಳಿಸಿಕೊಂಡಿದ್ದೇನೆ. ಎರಡೂ ಬಣದವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಹಾಕಿ ಎಂದೊಡನೆ ನಮಗೆ ಕಣ್ಣಿಗೆ ಬರುವುದು ಹುಲ್ಲಿನ ಮೈದಾನ. ಇಲ್ಲಿ ನೆಲವೇ ಮಂಜುಗಡ್ಡೆ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಹಾಸು, ಸುತ್ತ ಹಲಗೆಯ ಗೋಡೆ, ಅದರ ಮೇಲೆ ದಪ್ಪ ಗಾಜು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ನೂರೆಪ್ಪತ್ತು ಗ್ರಾಂ ಆಸುಪಾಸಿನ ಈ ಬಿಲ್ಲೆ ಪುಟಿಯಬಾರದೆಂದು ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜ್ ಮಾಡಿಟ್ಟಿರುತ್ತಾರೆ. ಗೋಲು ಕಾಯುವ ಗೋಲಿಯನ್ನು ಬಿಟ್ಟರೆ ಯಾವ ಆಟಗಾರನೂ ಒಂದು ಸಲಕ್ಕೆ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಂಜಿನ ಮೇಲೆ ಇರುವುದು ಕಡಿಮೆ. ಪ್ರಾಣ ಹೋಗುವ ಹಾಗೆ ಓಡಿ, ಬಂದು ಬೆಂಚಿನ ಮೇಲೆ ಕುಸಿದು, ಉಸಿರು ತೆಗೆದುಕೊಂಡು ಮತ್ತೆ ಹಲಗೆ ಹಾರುತ್ತಾರೆ.

ವೆಸ್ಟರ್ನ್ ಇರುವ ಕಲಮಜೂ ಊರಿನ ಲಾಸನ್ ಅರೀನಾದಲ್ಲಿ ಒಮ್ಮೆ ಗಾಜಿಗೆ ಅಂಟಿದ ಸಾಲಿನಲ್ಲಿ ಕೂತಿದ್ದೆ. ಅದು 1974ರಲ್ಲಿ ಕಟ್ಟಿದ ಹಳೆಯ ಕಟ್ಟಡ. ನಾಲ್ಕು ಸಾವಿರ ಜನವೂ ಹಿಡಿಸದ ಜಾಗ, ಚಾವಣಿ ತಗ್ಗು, ಹಾಗಾಗಿ ಕೂಗು ಎಲ್ಲಿಯೂ ಹೋಗದೆ ತಲೆಯ ಮೇಲೇ ಸುತ್ತುತ್ತದೆ. ವಿದ್ಯಾರ್ಥಿಗಳ ಗುಂಪು ತಮ್ಮನ್ನು ತಾವೇ ‘ಲಾಸನ್ ಲೂನಟಿಕ್ಸ್’ ಎಂದು ಕರೆದುಕೊಳ್ಳುತ್ತದೆ, ಆ ಹೆಸರಿಗೆ ತಕ್ಕ ಹಾಗೆಯೇ ಕಿರುಚುತ್ತದೆ. ಇಬ್ಬರು ಆಟಗಾರರು ಪಕ್‌ಗಾಗಿ ಮೂಲೆಗೆ ನುಗ್ಗಿ ಗಾಜಿಗೆ ಅಪ್ಪಳಿಸಿದಾಗ ನನ್ನ ಮೂಗಿನ ಮುಂದೆ ಗಾಜು ನಡುಗಿತು. ಅವರಲ್ಲೊಬ್ಬನ ಗಲ್ಲದ ಮೇಲೆ ಹೊಲಿಗೆಯ ಹೊಸ ಗುರುತು. ಬೆವರು ಹೆಲ್ಮೆಟ್ಟಿನಿಂದ ತೊಟ್ಟಿಕ್ಕುತ್ತಿತ್ತು, ಬಾಯಿಂದ ಹಬೆ ಬರುತ್ತಿತ್ತು. ಗಡ್ಡ ಬಂದ ಮುಖ. ಪಕ್ಕದಲ್ಲಿದ್ದವರನ್ನು ಕೇಳಿದೆ, ಈತ ಯಾವ ವರ್ಷದ ವಿದ್ಯಾರ್ಥಿ ಎಂದು. ಮೊದಲ ವರ್ಷ ಎಂದರು. ವಯಸ್ಸು ಇಪ್ಪತ್ತೊಂದು.

ಈ ಇಪ್ಪತ್ತೊಂದರ ಮೊದಲ ವರ್ಷದವನನ್ನು ಅರ್ಥ ಮಾಡಿಕೊಳ್ಳದೆ ಜಗಳವೂ ಅರ್ಥವಾಗುವುದಿಲ್ಲ.

ಅಮೆರಿಕದಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗ ಹೈಸ್ಕೂಲು ಮುಗಿಸಿ ನೇರ ಕಾಲೇಜಿಗೆ ಹೋಗುತ್ತಾನೆ. ಹಾಕಿಯಲ್ಲಿ ಬಹುಪಾಲು ಹುಡುಗರು ಹಾಗೆ ಹೋಗುವುದಿಲ್ಲ. ಹೈಸ್ಕೂಲು ಮುಗಿದ ಮೇಲೆ ಒಂದೋ ಎರಡೋ ವರ್ಷ ಜೂನಿಯರ್ ಲೀಗ್‌ನಲ್ಲಿ ಆಡುತ್ತಾರೆ. ಯಾವುದೋ ಅಪರಿಚಿತ ಊರಿನಲ್ಲಿ, ಹಾಕಿ ಪ್ರೀತಿಸುವ ಯಾವುದೋ ಮನೆಯವರ ಜೊತೆ ಇದ್ದು, ಮೈ ಕಟ್ಟಿಕೊಂಡು ಆಮೇಲೆ ಕಾಲೇಜು ಸೇರುತ್ತಾರೆ. ಜೂನಿಯರ್‌ನಲ್ಲಿ ಎರಡು ದಾರಿ. ಒಂದು ಅಮೆರಿಕದ ಯುಎಸ್‌ಎಚ್‌ಎಲ್ ಮತ್ತು ಅದರಂಥ ಲೀಗ್‌ಗಳು, ಅಲ್ಲಿ ಆಡಿದವರಿಗೆ ಕಾಲೇಜು ಬಾಗಿಲು ತೆರೆದಿತ್ತು. ಇನ್ನೊಂದು ಕೆನಡಾದ ಸಿಎಚ್‌ಎಲ್. ಅದರಡಿ ಒಂಟಾರಿಯೊ, ಪಶ್ಚಿಮ ಕೆನಡಾ, ಕ್ವಿಬೆಕ್ ಎಂಬ ಮೂರು ಲೀಗ್‌ಗಳು, ಆಗ ಅರವತ್ತು ತಂಡಗಳು. ಈ ಎರಡನೆಯ ದಾರಿಯಲ್ಲಿ ಕಾಲಿಟ್ಟರೆ ಕಾಲೇಜು ಹಾಕಿಗೆ ಆಯುಷ್ಯಪೂರ್ತಿ ಎಳ್ಳುನೀರು. ಕಾರಣವೇನೆಂದರೆ ಅಲ್ಲಿ ಹುಡುಗರಿಗೆ ತಿಂಗಳ ಖರ್ಚಿಗೆಂದು ಒಂದಿಷ್ಟು ಭತ್ಯೆ ಕೊಡುತ್ತಾರೆ, ಜೊತೆಗೆ ಎನ್‌ಎಚ್‌ಎಲ್ ವೃತ್ತಿಪರ ತಂಡಗಳೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಕೆಲವರೂ ಅದೇ ಲೀಗಿನಲ್ಲಿ ಆಡುತ್ತಾರೆ. ಹಾಗಾಗಿ ಅವರ ನಡುವೆ ಆಡಿದವರೆಲ್ಲ ವೃತ್ತಿಪರರು ಎಂಬುದು ಎನ್‌ಸಿಎಎ ತೀರ್ಮಾನವಾಗಿತ್ತು.

ಹದಿನೈದು ಹದಿನಾರರಲ್ಲೇ ಆ ಹುಡುಗ ಆರಿಸಿಕೊಳ್ಳಬೇಕಿತ್ತು. ಮೀಸೆ ಚಿಗುರುವ ಮುನ್ನ.

ವೆಸ್ಟರ್ನ್ ಮಿಷಿಗನ್ ತಂಡ ಹೇಗೆ ಕೂಡಿಬಂತು ಎಂಬುದನ್ನೂ ನೋಡಬೇಕು. ಈ ರಾಜ್ಯದಲ್ಲಿ ಹಾಕಿಯ ದೊಡ್ಡಣ್ಣಂದಿರು ಬೇರೆ ಇದ್ದಾರೆ. ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಒಂಬತ್ತು ರಾಷ್ಟ್ರೀಯ ಪ್ರಶಸ್ತಿಗಳಿವೆ. 1948ರಲ್ಲಿ ನಡೆದ ಮೊಟ್ಟಮೊದಲ ಟೂರ್ನಿಯನ್ನು ಗೆದ್ದದ್ದೂ ಅವರೇ. ಮಿಷಿಗನ್ ಸ್ಟೇಟ್‌ಗೆ ಮೂರು. ಉತ್ತರದ ಹಿಮದ ಊರುಗಳ ಮಿಷಿಗನ್ ಟೆಕ್, ಲೇಕ್ ಸುಪೀರಿಯರ್ ಸ್ಟೇಟ್‌ನಂಥ ಚಿಕ್ಕ ಕಾಲೇಜುಗಳಿಗೂ ಮೂರು ಮೂರು. ಕಲಮಜೂಗೆ ಸೊನ್ನೆ. ಬಹಳ ಹೆಸರು ಮಾಡಿದ ಹುಡುಗ ಆನ್ ಆರ್ಬರ್‌ಗೋ ಬಾಸ್ಟನ್‌ಗೋ ಹೋಗುತ್ತಿದ್ದ. ಉಳಿದವರಲ್ಲಿ ಯಾರಲ್ಲಿ ಏನಿದೆ ಎಂದು ಹುಡುಕಿ ತೆಗೆಯುವುದು ವೆಸ್ಟರ್ನ್ ಕೋಚ್‌ಗಳ ಕೆಲಸವಾಗಿತ್ತು.

ಕೋಚ್ ಪ್ಯಾಟ್ ಫರ್ಶ್‌ವೈಲರ್ ಅದೇ ಕಾಲೇಜಿನ ಹಳೆಯ ಆಟಗಾರ. 2021ರಲ್ಲಿ ಮುಖ್ಯ ಕೋಚ್ ಆದರು. ನಾಯಕ ಟಿಮ್ ವಾಶ್ ಇದೇ ರಾಜ್ಯದ ಕ್ಲಾರ್ಕ್‌ಸ್ಟನ್‌ನವನು, ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನನ್ನು ಯಾವ ಎನ್‌ಎಚ್‌ಎಲ್ ತಂಡವೂ ಆರಿಸಿರಲಿಲ್ಲ. ಐದು ಋತು ಅದೇ ಅಂಗಿ ತೊಟ್ಟು ಆಡಿದ. ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು) ಗಳಿಸಿದ ಅಲೆಕ್ಸ್ ಬಂಪ್ ಡ್ರಾಫ್ಟ್‌ನ ಐದನೆಯ ಸುತ್ತಿನವರೆಗೆ ಕಾಯಬೇಕಾಗಿ ಬಂದವನು. ಗೋಲಿ ಹ್ಯಾಂಪ್ಟನ್ ಸ್ಲುಕಿನ್‌ಸ್ಕಿ ಮಿನ್ನೆಸೋಟದ ವಾರೋಡ್ ಎಂಬ ಗಡಿ ಊರಿನಿಂದ ಬಂದ ಮೊದಲ ವರ್ಷದ ವಿದ್ಯಾರ್ಥಿ, ಅವನ ಅಣ್ಣ ಗ್ರಾಂಟ್ ಇನ್ನೊಂದು ಕಾಲೇಜು ಬಿಟ್ಟು ಬಂದು ತಮ್ಮನ ಮುಂದೆ ಫಾರ್ವರ್ಡ್ ಆಡುತ್ತಿದ್ದ. ಫಿನ್ಲೆಂಡಿನ ಹುಡುಗರೂ ಇದ್ದರು.

ಹಿಂದಿನ ಎರಡು ವರ್ಷ ಈ ತಂಡ ಪೆಟ್ಟು ತಿಂದೇ ಮನೆಗೆ ಹೋಗಿತ್ತು. 2023ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ 5-1ರಿಂದ ಬಡಿದಿತ್ತು. 2024ರಲ್ಲಿ ಮಿಷಿಗನ್ ಸ್ಟೇಟ್ ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಸೋಲಿಸಿತ್ತು, ಅದೂ ಸೇಂಟ್ ಲೂಯಿಸ್‌ನ ಹೊರವಲಯದಲ್ಲೇ. ಮರುವರ್ಷ ಅದೇ ನಗರಕ್ಕೆ ಕಪ್ಪಿಗಾಗಿ ಬರುತ್ತೇವೆಂದು ಆ ರಾತ್ರಿ ಬಸ್ಸು ಹತ್ತಿದವರು ಯಾರು ತಾನೆ ಎಣಿಸಿದ್ದಾರು!

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕಾಲೇಜು ಹಾಕಿಯ ದಿನಚರಿ ಒಂದೇ. ಸೋಮವಾರದಿಂದ ಗುರುವಾರ ಪಾಠ ಮತ್ತು ಅಭ್ಯಾಸ, ಶುಕ್ರವಾರ ಶನಿವಾರ ಒಂದೇ ಎದುರಾಳಿಯ ಮೇಲೆ ಎರಡು ಪಂದ್ಯ. ವೆಸ್ಟರ್ನ್ ಆಡುವ ಎನ್‌ಸಿಎಚ್‌ಸಿ ಒಕ್ಕೂಟದಲ್ಲಿ ನಾರ್ತ್ ಡಕೋಟಾ, ಡೆನ್ವರ್, ಮಿನ್ನೆಸೋಟ ಡಲೂತ್‌ನಂಥ ಹೆಸರುವಾಸಿ ತಂಡಗಳಿವೆ. ವೆಸ್ಟರ್ನ್ ಗೆದ್ದ ಋತುವಿನಲ್ಲಿ ಮರುಭೂಮಿಯ ಅರಿಜೋನಾ ಸ್ಟೇಟ್ ಕೂಡ ಬಂದು ಸೇರಿತು. ಒಕ್ಕೂಟದ ಲೀಗ್ ಹಂತದ ಪೆನ್‌ರೋಸ್ ಕಪ್ಪನ್ನು ವೆಸ್ಟರ್ನ್ ಮೊದಲ ಸಲ ಗೆದ್ದಿತು. ಆಮೇಲೆ ಒಕ್ಕೂಟದ ಟೂರ್ನಿಯ ಫೈನಲ್‌ನಲ್ಲಿ ಡೆನ್ವರನ್ನು ಹೆಚ್ಚುವರಿ ಅವಧಿಯಲ್ಲಿ ಮಣಿಸಿತು. ಫಾರ್ಗೊ ಊರಿನಲ್ಲಿ ನಡೆದ ಪ್ರಾದೇಶಿಕ ಸುತ್ತಿನಲ್ಲಿ ಮಿನ್ನೆಸೋಟ ಸ್ಟೇಟ್ ಮತ್ತು ಮ್ಯಾಸಚೂಸೆಟ್ಸ್ ತಂಡಗಳನ್ನು ಒಂದೊಂದೇ ಗೋಲಿನ ಅಂತರದಲ್ಲಿ ದಾಟಿತು. ಕೊನೆಗೆ ಸೇಂಟ್ ಲೂಯಿಸ್. ಸೆಮಿಫೈನಲ್‌ನಲ್ಲಿ ಮತ್ತೆ ಡೆನ್ವರ್, ಹಿಂದಿನ ವರ್ಷದ ಚಾಂಪಿಯನ್, ಹತ್ತು ಪ್ರಶಸ್ತಿಗಳ ಒಡೆಯ. ವೆಸ್ಟರ್ನ್ ಎರಡು ಗೋಲು ಮುಂದಿತ್ತು, ಡೆನ್ವರ್ ಕೊನೆಯ ಅವಧಿಯಲ್ಲಿ ಎರಡನ್ನೂ ತೀರಿಸಿತು. ಆಟ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಅದು ಶುರುವಾಗಿ ನಿಮಿಷ ತುಂಬುವ ಮೊದಲೇ ಓವನ್ ಮೈಕಲ್ಸ್ ಹೊಡೆದ ಪಕ್ ಬಲೆಗೆ ಬಿತ್ತು. ಫೈನಲ್‌ನಲ್ಲೂ ಎರಡು ಗೋಲು ಹೊಡೆದ ಅವನೇ ಟೂರ್ನಿಯ ಶ್ರೇಷ್ಠ ಆಟಗಾರ.

ಬಾಗಿಲು ತೆರೆದದ್ದು ಸರಿ ಎನ್ನುವವರು ಮೊದಲು ಹೇಳುವುದು ಒಬ್ಬ ಹುಡುಗನ ಕಥೆ. ಕೆನಡಾದ ಫೋರ್ಟ್ ಈರಿ ಊರಿನ ಆ ಹುಡುಗ ಹದಿನಾರರ ವಯಸ್ಸಿನಲ್ಲಿ ಒಂಟಾರಿಯೊ ಲೀಗಿನ ತಂಡವೊಂದಕ್ಕೆ ಎರಡು ಪ್ರದರ್ಶನ ಪಂದ್ಯಗಳಲ್ಲಿ ಆಡಿದ. ಲೀಗ್ ಪಂದ್ಯ ಕೂಡ ಅಲ್ಲ, ಪ್ರದರ್ಶನ ಪಂದ್ಯ. ಅಷ್ಟಕ್ಕೇ ಅಮೆರಿಕದ ಮೊದಲ ದರ್ಜೆಯ ಕಾಲೇಜು ಹಾಕಿ ಅವನಿಗೆ ಇಲ್ಲವಾಯಿತು. 2024ರ ಆಗಸ್ಟ್‌ನಲ್ಲಿ ಅವನ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಮೂರು ತಿಂಗಳೊಳಗೆ ಎನ್‌ಸಿಎಎ ತೀರ್ಪಿಗೆ ಕಾಯದೆ ನಿಯಮ ಬದಲಿಸಿತು. ಹದಿನಾರರ ಹುಡುಗ ಒಂದು ವಾರಾಂತ್ಯ ಮಾಡಿದ ತೀರ್ಮಾನಕ್ಕೆ ಇಪ್ಪತ್ತರಲ್ಲಿ ಕಾಲೇಜಿನ ಬಾಗಿಲು ಮುಚ್ಚುವುದು ಯಾವ ತಕ್ಕಡಿಯಲ್ಲಿ ತೂಗಿದರೂ ನ್ಯಾಯವಾಗದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅವರ ಎರಡನೆಯ ವಾದ ಇನ್ನೂ ಬಲವಾದದ್ದು. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯಂತೆ ಕಾಲೇಜುಗಳೇ ತಮ್ಮ ಆದಾಯದ ಪಾಲನ್ನು ಆಟಗಾರರಿಗೆ ನೇರವಾಗಿ ಕೊಡಬಹುದು. ಕಾಲೇಜೇ ಲಕ್ಷಗಟ್ಟಲೆ ಡಾಲರ್ ಹಂಚುವಾಗ, ಕೆನಡಾದಲ್ಲಿ ಸಿನಿಮಾ, ಪಿಜ್ಜಾಕ್ಕೆಂದು ಸಿಗುವ ತಿಂಗಳ ಕೆಲವು ನೂರು ಡಾಲರನ್ನು ತೋರಿಸಿ ‘ನೀನು ವೃತ್ತಿಪರ’ ಎನ್ನಲು ಬಾಯಿ ಹೇಗೆ ಬಂದೀತು? ಇತ್ತ ಯುರೋಪಿನಲ್ಲಿ ಸಂಬಳದ ಆಟಗಾರರ ಜೊತೆ ಆಡಿ ಬಂದ ಹುಡುಗರಿಗೆ ಕಾಲೇಜು ಪೂರ್ತಿ ಬಾಗಿಲು ಮುಚ್ಚಿರಲಿಲ್ಲ. ಕೆನಡಾದ ಹುಡುಗನಿಗೆ ಮಾತ್ರ ಬೇಲಿ. ಒಂದೇ ಮನೆಯಲ್ಲಿ ಎರಡು ಕಾನೂನು.

ಓದಿನ ಮಾತೂ ಇದೆ. ಸಿಎಚ್‌ಎಲ್ ಹುಡುಗರು ಲೀಗ್ ಹಂತದಲ್ಲೇ ಅರವತ್ತಕ್ಕೂ ಹೆಚ್ಚು ಪಂದ್ಯ ಆಡುತ್ತಾರೆ, ಬಸ್ಸಿನಲ್ಲೇ ಬೆಳಗಾಗುತ್ತದೆ. ಕಾಲೇಜಿನಲ್ಲಿ ಅದರ ಸುಮಾರು ಅರ್ಧ. ಉಳಿದ ಹೊತ್ತು ಪುಸ್ತಕಕ್ಕೆ, ಮೈ ಬೆಳೆಸಲಿಕ್ಕೆ, ಸುಮ್ಮನೆ ಹುಡುಗನಾಗಿ ಇರಲಿಕ್ಕೆ. ಕೆನ್ ಡ್ರೈಡನ್ ಎಂಬ ಗೋಲಿಯನ್ನು ಹಳಬರು ಇಲ್ಲಿ ನೆನೆಸಿಕೊಳ್ಳುತ್ತಾರೆ. ಕೆನಡಾದ ಹುಡುಗ. 1964ರಲ್ಲೇ ಎನ್‌ಎಚ್‌ಎಲ್ ತಂಡವೊಂದು ಅವನನ್ನು ಆರಿಸಿತ್ತು. ಅತ್ತ ಹೋಗದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ, 1967ರಲ್ಲಿ ಆ ಕಾಲೇಜಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ. ಎನ್‌ಎಚ್‌ಎಲ್‌ನ ಮಾಂಟ್ರಿಯಲ್ ತಂಡದ ಪರ ಆಡುತ್ತಲೇ ಕಾನೂನು ಓದಿದ. ಆಟದ ಉತ್ತುಂಗದಲ್ಲಿದ್ದಾಗ 1973-74ರ ಇಡೀ ಋತುವನ್ನು ಬಿಟ್ಟು ವಕೀಲರ ಕಚೇರಿಯಲ್ಲಿ ಕಿರಿಯನಾಗಿ ಕೆಲಸ ಕಲಿತ. ಮುಂದೆ ಲೇಖಕರಾದರು, ಸಂಸದರಾದರು, ಕೆನಡಾದ ಮಂತ್ರಿಯಾದರು. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ಎರಡೂ ದೇಶಗಳು ಕಣ್ಣೀರಿಟ್ಟವು. ಹೊಸ ನಿಯಮದಿಂದ ನೂರು ಹುಡುಗರು ಹೆಚ್ಚಾಗಿ ಕಾಲೇಜು ಮೆಟ್ಟಿಲು ಹತ್ತಿದರೆ ಅವರಲ್ಲಿ ಒಬ್ಬನಾದರೂ ಡ್ರೈಡನ್ ಆಗಲಾರನೇ, ಇದು ಈ ಬಣದ ಪ್ರಶ್ನೆ.

ಇನ್ನು ಆ ಕಡೆಯ ಮಾತು.

ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ಒಬ್ಬ ಹುಡುಗನಿದ್ದಾನೆ. ಐದರ ವಯಸ್ಸಿನಿಂದ ಸ್ಕೇಟ್ ಕಟ್ಟಿದವನು. ಬೆಳಗಿನ ಐದಕ್ಕೆ ಅವನ ತಾಯಿ ಗ್ಯಾರೇಜಿನಿಂದ ಗಾಡಿ ತೆಗೆಯುವ ಸದ್ದು ನಮಗೆ ಅಲಾರಂ ಇದ್ದ ಹಾಗೆ. ಹತ್ತೊಂಬತ್ತಾದಾಗ ಒಂದು ಕಾಲೇಜು ‘ನಿನಗೆ ಜಾಗವಿದೆ’ ಎಂದು ಮಾತು ಕೊಟ್ಟಿತು. ಅಂಗಳದಲ್ಲಿ ಕೇಕು ಕತ್ತರಿಸಿದರು, ನಾವೂ ಹೋಗಿ ಹರಸಿ ಬಂದೆವು. ನಿಯಮ ಬದಲಾದ ಮೇಲಿನ ಚಳಿಗಾಲದಲ್ಲಿ ಕೋಚ್ ಫೋನು ಮಾಡಿ, ಇನ್ನೊಂದು ವರ್ಷ ಜೂನಿಯರ್ ಆಡಿ ಬಾ, ನೋಡೋಣ ಎಂದರಂತೆ. ಮರುವರ್ಷ ಫೋನೇ ಬರಲಿಲ್ಲ. ಹಿಮ ಗೋರುತ್ತಿದ್ದಾಗ ಸಿಕ್ಕ ಅವನ ತಾಯಿ, ಗುದ್ದಲಿಯ ಹಿಡಿಯ ಮೇಲೆ ಗಲ್ಲ ಊರಿ, “ನೀನು ಚೆನ್ನಾಗಿ ಆಡುವುದಿಲ್ಲ ಅಂತ ಹೇಳಿದ್ದರೆ ಸಹಿಸಬಹುದಿತ್ತು. ಅವನ ಆಟ ಹಾಗೇ ಇದೆ, ಸಾಲು ಮಾತ್ರ ಉದ್ದವಾಗಿಬಿಟ್ಟಿದೆ” ಎಂದರು. ಆ ಮಾತು ನನ್ನ ಎದೆಯಲ್ಲಿ ಕೂತಿದೆ.

ಸಾಲು ಉದ್ದವಾದದ್ದು ಹೇಗೆಂದು ಲೆಕ್ಕ ಹಾಕುವುದು ಸುಲಭ. ದೇಶದಲ್ಲಿ ಮೊದಲ ದರ್ಜೆಯ ಪುರುಷರ ಹಾಕಿ ತಂಡಗಳು ಅರವತ್ತು ಚಿಲ್ಲರೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂತೆ ನೂರಾರಿಲ್ಲ, ಏಕೆಂದರೆ ಮಂಜುಗಡ್ಡೆ ಕಟ್ಟಿ ಕಾಪಾಡುವುದು ದುಬಾರಿ ಬಾಬತ್ತು. ಅಲಬಾಮಾ ಹಂಟ್ಸ್‌ವಿಲ್ ಕಾಲೇಜು 2021ರಲ್ಲಿ ತಂಡವನ್ನೇ ನಿಲ್ಲಿಸಿತು. ಅಲಾಸ್ಕದ ಆಂಕರೇಜ್‌ನಲ್ಲಿ ನಿಂತುಹೋಗಿದ್ದ ತಂಡವನ್ನು ಜನ ವಂತಿಗೆ ಎತ್ತಿ ಉಳಿಸಿಕೊಂಡರು. ಹೊಸ ಒಡಂಬಡಿಕೆಗೆ ಒಳಪಟ್ಟ ಕಾಲೇಜುಗಳಲ್ಲಿ ಒಂದು ತಂಡಕ್ಕೆ 26 ಆಟಗಾರರ ಮಿತಿ ಬೇರೆ ಬಂದಿದೆ. ಕುರ್ಚಿಗಳು ಅಷ್ಟೇ, ಇಲ್ಲವೇ ಕಡಿಮೆ. ಅದರ ಎದುರಿಗೆ ಕೆನಡಾದ ಅರವತ್ತು ತಂಡಗಳ ಹುಡುಗರು ಒಮ್ಮೆಲೇ ಬಂದು ನಿಂತರು.

ಹಣದ ಹೊಳೆ ಎತ್ತ ಹರಿಯುತ್ತದೆ ಎಂಬುದೂ ಕಣ್ಣ ಮುಂದಿದೆ. 2025ರ ಜುಲೈನಲ್ಲಿ ಕೆನಡಾದ ಯೂಕಾನ್ ಪ್ರದೇಶದ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ಕಾಲೇಜು ಸೇರುತ್ತೇನೆ ಎಂದು ಟಿವಿಯಲ್ಲಿ ಘೋಷಿಸಿದ. ಹಿಂದಿನ ಋತುವಿನಲ್ಲಿ 56 ಪಂದ್ಯಗಳಲ್ಲಿ 129 ಪಾಯಿಂಟ್ ಗಳಿಸಿದ್ದ ಹದಿನೇಳರ ಹುಡುಗ ಅವನು. ಅವನಿಗೆ ಏಳು ಲಕ್ಷ ಡಾಲರ್ ಆಸುಪಾಸು ಸಿಗಲಿದೆ ಎಂದು ಪತ್ರಿಕೆಗಳು ಬರೆದವು. ಪೆನ್ ಸ್ಟೇಟ್‌ನ ಹಾಕಿ ಕಟ್ಟಡ, ತಂಡ ಎರಡೂ ಎದ್ದು ನಿಂತದ್ದು ಒಬ್ಬ ದಾನಿಯ 8.8 ಕೋಟಿ ಡಾಲರ್ ಕೊಡುಗೆಯಿಂದ. ಕಲಮಜೂವಿನಂಥ ಊರು ಇದರೊಡನೆ ಪೈಪೋಟಿಗೆ ಇಳಿಯುವುದು ಹೇಗೆ ಎಂದು ಈ ಬಣ ಕೇಳುತ್ತದೆ.

ಈ ಕಡೆಯ ಅಳಲಿನಲ್ಲಿ ಮೆಕೆನ್ನಾನ ಹೆಸರೇ ಮತ್ತೆ ಮತ್ತೆ ಬರುತ್ತದೆ. ಅಲ್ಲಿಯೇ ಅವರು ದಾರಿ ತಪ್ಪುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಮೆಕೆನ್ನಾನಂಥವರು ಬೆರಳೆಣಿಕೆ, ಬಂದರೂ ವರ್ಷ ಎರಡು ವರ್ಷದಲ್ಲಿ ಎನ್‌ಎಚ್‌ಎಲ್‌ಗೆ ಹಾರಿಹೋಗುತ್ತಾರೆ. ಹಳೆಯ ನಿಯಮದಲ್ಲೂ ಹಾಗೇ ಇತ್ತು. 2024ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಮ್ಯಾಕ್ಲಿನ್ ಸೆಲಬ್ರೀನಿ ಹದಿನೇಳರಲ್ಲೇ ಕಾಲೇಜು ಹಾಕಿಯ ಅತ್ಯುನ್ನತ ಹೋಬಿ ಬೇಕರ್ ಪ್ರಶಸ್ತಿ ಪಡೆದು, ಒಂದೇ ವರ್ಷಕ್ಕೆ ಹೊರಟುಹೋದ. ತಾರೆಗಳಿಂದ ಕಪ್ಪು ಬರುತ್ತದೆಂಬ ಖಾತರಿಯೂ ಇಲ್ಲ. ಅದೇ ವರ್ಷ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗರಿಂದ ತುಂಬಿದ್ದ ಬಾಸ್ಟನ್ ಕಾಲೇಜು ಎಂಬ ಬೇರೆಯದೇ ಸಂಸ್ಥೆ ಫೈನಲ್‌ನಲ್ಲಿ ಡೆನ್ವರ್ ಎದುರು ಒಂದು ಗೋಲನ್ನೂ ಹೊಡೆಯಲಾಗದೆ 2-0ಯಿಂದ ಸೋತಿತು. 2023ರಲ್ಲಿ ಕ್ವಿನಿಪಿಯಾಕ್ ಎಂಬ, ಹೊರಗಿನವರು ಹೆಸರೇ ಕೇಳದ ಕಾಲೇಜು ತಾರೆಗಳ ಮಿನ್ನೆಸೋಟವನ್ನು ಹೆಚ್ಚುವರಿ ಅವಧಿಯ ಹತ್ತನೆಯ ಸೆಕೆಂಡಿನಲ್ಲಿ ಕೆಡವಿತು. ಆಮೇಲೆ ವೆಸ್ಟರ್ನ್. ಮಾಗಿದ, ಜೊತೆಯಾಗಿ ಬೆಳೆದ ಹುಡುಗರ ತಂಡ ಎಳೆಯ ತಾರೆಗಳ ತಂಡವನ್ನು ಮಣಿಸುವುದು ಕಾಲೇಜು ಹಾಕಿಯಲ್ಲಿ ಹೊಸ ಮಾತಲ್ಲ.

ಬಾಗಿಲು ತೆರೆದದ್ದು ಸರಿ ಎನ್ನುವವರು ಇದನ್ನೇ ಹಿಡಿದು, ‘ಹಾಗಾದರೆ ವೆಸ್ಟರ್ನ್‌ನಂಥವರಿಗೆ ಭಯವೇಕೆ?’ ಎನ್ನುತ್ತಾರೆ. ಅವರಿಗೂ ಒಂದು ಎಳೆ ತಪ್ಪಿದೆ. ನಿಜವಾಗಿ ಜಾಗ ಕಳೆದುಕೊಳ್ಳುವವನು ಟಿಮ್ ವಾಶ್‌ನಂಥವನು, ಆ ಜಾಗಕ್ಕೆ ಬರುವವನು ಮೆಕೆನ್ನಾ ಅಲ್ಲ. ಸಿಎಚ್‌ಎಲ್‌ನಲ್ಲಿ ನಾಲ್ಕು ವರ್ಷ ಆಡಿ, ಎನ್‌ಎಚ್‌ಎಲ್ ಒಪ್ಪಂದ ಸಿಗದೆ ಉಳಿದ ಇಪ್ಪತ್ತರ ಗಟ್ಟಿ ಹುಡುಗ ಬರುತ್ತಾನೆ. ಇವತ್ತೇ ಆಡಲು ಸಿದ್ಧನಾಗಿರುವವನು. ಒತ್ತಡದಲ್ಲಿರುವ ಕೋಚ್‌ಗೆ ಮೂರು ವರ್ಷ ಕಾದು ಬೆಳೆಸಬೇಕಾದ ಹುಡುಗನಿಗಿಂತ ಇವನೇ ಪ್ರಿಯ. ನಿಧಾನವಾಗಿ ಮಾಗುವವನಿಗೆ ಕಾಲೇಜು ಹಾಕಿಯಲ್ಲಿ ಒಂದು ತಾವಿತ್ತು. ಬೇರೆ ಆಟಗಳಲ್ಲಿ ಅದು ಎಂದೋ ಹೋಗಿತ್ತು, ಇಲ್ಲಿ ಉಳಿದಿತ್ತು. ವಾಶ್‌ನನ್ನು ಹದಿನೆಂಟರಲ್ಲಿ ಯಾರೂ ಕೇಳಲಿಲ್ಲ. ಐದು ವರ್ಷದ ನಂತರ, ಕಪ್ಪು ಗೆದ್ದ ಕೆಲವೇ ದಿನಗಳಲ್ಲಿ, ಅನಾಹೈಮ್ ಡಕ್ಸ್ ತಂಡ ಅವನೊಡನೆ ಒಪ್ಪಂದ ಮಾಡಿಕೊಂಡಿತು. ಆ ಐದು ವರ್ಷದ ಕಾಯುವಿಕೆಯನ್ನು ಮುಂದೆ ಯಾವ ಕಾಲೇಜು ತಾಳಿಕೊಂಡೀತು?

ಕೆನಡಾದಲ್ಲೂ ನಷ್ಟವಿದೆ, ಇದನ್ನು ಇಲ್ಲಿನವರು ಬಾಯಿಬಿಟ್ಟು ಆಡುವುದಿಲ್ಲ. ಸಿಎಚ್‌ಎಲ್‌ನಲ್ಲಿ ಆಡಿದ ಪ್ರತಿ ಋತುವಿಗೂ ಒಂದು ವರ್ಷದ ಓದಿನ ಖರ್ಚು ಕೊಡುವ ಪದ್ಧತಿ ಇದೆ. ಆ ಹಣದಲ್ಲಿ ಸಾವಿರಾರು ಹುಡುಗರು ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಓದುತ್ತ ಅಲ್ಲಿಯೇ ಹಾಕಿ ಆಡಿದ್ದಾರೆ. ಅವರಲ್ಲಿ ಒಳ್ಳೆಯವರು ಇನ್ನು ಗಡಿ ದಾಟುತ್ತಾರೆ. ಹಾಲಿಫ್ಯಾಕ್ಸ್, ಫ್ರೆಡ್ರಿಕ್ಟನ್ ಊರುಗಳ ಚಳಿಗಾಲದ ಶನಿವಾರಗಳು ಬಡವಾಗುತ್ತವೆ.

ಜಗಳವೇನೂ ಇಂದಿನದಲ್ಲ. 1950ರ ದಶಕದಲ್ಲೇ, ವಯಸ್ಸು ಮೀರಿದ ಕೆನಡಾ ಹುಡುಗರನ್ನು ತಂದು ಡೆನ್ವರ್‌ನಂಥ ಕಾಲೇಜುಗಳು ಕಪ್ಪು ಗೆಲ್ಲುತ್ತಿವೆ ಎಂದು ಮಿನ್ನೆಸೋಟದ ಕೋಚ್ ಜಾನ್ ಮರಿಯೂಚಿ ಸಿಡಿದು ನಿಂತಿದ್ದರು. ತಮ್ಮ ರಾಜ್ಯದ ಹುಡುಗರಿಗೆ ಆಡುವ ಜಾಗ ಬೇಕು ಎಂಬುದು ಅವರ ಹಟ. 1958ರಲ್ಲಿ ಇದೇ ಕಾರಣಕ್ಕೆ ಪಶ್ಚಿಮದ ಕಾಲೇಜುಗಳ ಒಕ್ಕೂಟವೇ ಒಡೆದುಹೋಯಿತು. ಮರಿಯೂಚಿಯವರ ಹಟದಿಂದ ಅಮೆರಿಕದ ಹಾಕಿ ಬೆಳೆಯಿತು ಎನ್ನುವುದು ನಿಜ. ಆ ಒಡಕಿನ ಮೇಲೂ ಕಾಲೇಜು ಹಾಕಿ ಸಾಯಲಿಲ್ಲ ಎನ್ನುವುದೂ ಅಷ್ಟೇ ನಿಜ. ಇಂದು ಎನ್‌ಎಚ್‌ಎಲ್ ಆಟಗಾರರಲ್ಲಿ ಸುಮಾರು ಮೂರನೇ ಒಂದು ಭಾಗ ಕಾಲೇಜಿನಿಂದಲೇ ಬಂದವರು.

ಎರಡನ್ನೂ ತೂಗಿದಾಗ ನನಗೆ ಕಾಣುವುದು ಇಷ್ಟು. ಬಾಗಿಲು ತೆರೆದದ್ದು ಸರಿ. ಅದನ್ನು ಮತ್ತೆ ಮುಚ್ಚಬೇಕು ಎನ್ನುವವರ ಜೊತೆ ನಾನಿಲ್ಲ. ಫೋರ್ಟ್ ಈರಿಯ ಆ ಹುಡುಗನಿಗೆ ಆದದ್ದು ಅನ್ಯಾಯ, ಅದು ಇನ್ನೊಬ್ಬನಿಗೆ ಆಗಬಾರದು. ಆದರೆ ತೆರೆದ ರೀತಿ ತಪ್ಪು. ನವೆಂಬರ್‌ನಲ್ಲಿ ಮತ, ಆಗಸ್ಟ್‌ನಲ್ಲಿ ಜಾರಿ, ನಡುವೆ ಒಂಬತ್ತು ತಿಂಗಳೂ ಇಲ್ಲ. ಕಾಲೇಜುಗಳು ಎರಡು ಮೂರು ವರ್ಷ ಮುಂಚೆಯೇ ಹುಡುಗರಿಗೆ ಮಾತು ಕೊಟ್ಟು ಇಟ್ಟುಕೊಳ್ಳುವ ಆಟ ಇದು. ಆ ಮಾತಿಗೆ ಕಾಗದದ ಬಲವಿಲ್ಲ. ಹುಡುಗರು ಮಾತ್ರ ಅದನ್ನೇ ನಂಬಿ ಓದು ಮುಂದೂಡಿ ಜೂನಿಯರ್ ಊರುಗಳಲ್ಲಿ ವರ್ಷ ಕಳೆಯುತ್ತಾರೆ. ಎರಡು ವರ್ಷದ ಗಡುವು ಕೊಟ್ಟು, ಹಳೆಯ ನಿಯಮದಡಿ ಮಾತು ಪಡೆದವರು ಒಳಗೆ ಹೋದ ಮೇಲೆ ಹೊಸಬರಿಗೆ ದಾರಿ ಮಾಡಿದ್ದರೆ ಯಾರ ಹಕ್ಕೂ ಮುರಿಯುತ್ತಿರಲಿಲ್ಲ. ನ್ಯಾಯಾಲಯದ ಹೆದರಿಕೆ ಎನ್‌ಸಿಎಎಯನ್ನು ಅವಸರಕ್ಕೆ ತಳ್ಳಿತು. ಅವಸರದ ಬೆಲೆಯನ್ನು ತೆತ್ತವರು ಹತ್ತೊಂಬತ್ತು ಇಪ್ಪತ್ತರ ಹುಡುಗರು.

ಕೊಟ್ಟ ಮಾತಿನ ಬೆಲೆಯನ್ನು ಕಲಮಜೂಗೆ ಹೊಸದಾಗಿ ಹೇಳಬೇಕಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓದಿ ಮುಗಿಸುವ ಮಕ್ಕಳ ಕಾಲೇಜು ಶುಲ್ಕವನ್ನು ತಾವು ಕಟ್ಟುತ್ತೇವೆ ಎಂದು ಹೆಸರು ಹೇಳಲಿಚ್ಛಿಸದ ದಾನಿಗಳು 2005ರಲ್ಲಿ ಮಾತು ಕೊಟ್ಟರು. ಯೋಜನೆಯ ಹೆಸರೇ ‘ಕಲಮಜೂ ಪ್ರಾಮಿಸ್’. ಇಪ್ಪತ್ತು ವರ್ಷವಾದರೂ ಆ ಮಾತು ನಡೆದುಕೊಂಡು ಬಂದಿದೆ, ಮಕ್ಕಳು ಓದುತ್ತಿದ್ದಾರೆ.

ಹಾಕಿ ಕೋಚ್‌ಗಳಲ್ಲಿ, ಅವರನ್ನು ನೇಮಿಸುವ ಕಾಲೇಜುಗಳಲ್ಲಿ ನನ್ನ ಕೋರಿಕೆಯೂ ಅಷ್ಟೇ. ಕೆನಡಾದಿಂದ ಯಾರನ್ನಾದರೂ ಕರೆತನ್ನಿ, ಎಷ್ಟು ಜನರನ್ನಾದರೂ ಕರೆತನ್ನಿ. ಆದರೆ ಈಗಾಗಲೇ ‘ನಿನಗೆ ಜಾಗವಿದೆ’ ಎಂದು ಹೇಳಿಸಿಕೊಂಡ ಹುಡುಗನಿಗೆ ಮೊದಲು ಆ ಜಾಗ ಕೊಡಿ. ಕೊಡಲಾಗದಿದ್ದರೆ ಫೋನು ಮಾಡಿ ‘ನೋಡೋಣ’ ಎನ್ನಬೇಡಿ, ಅವನ ಮನೆಗೆ ಹೋಗಿ ಅವನ ತಾಯಿಯ ಎದುರು ಕೂತು ಹೇಳಿ.